ಹಳೇಬೀಡಿನಲ್ಲಿ ಹತ್ತು ನಿಮಿಷ

ನನ್ನ ಕಾರಿಗೆ ಇಪ್ಪತ್ತೇಳು ವರ್ಷ. ಕಾರ್ಬೊರೇಟರ್ ಕಾಲದ ಗಾಡಿ. ಅದನ್ನು ಬಿಚ್ಚಿ ಜೋಡಿಸಬಲ್ಲವರು ಅರಸೀಕೆರೆಯಲ್ಲಿ ಈಗ ಇಬ್ಬರೋ ಮೂವರೋ ಉಳಿದಿದ್ದಾರೆ. ಅವರಿಗೆಲ್ಲ ನನ್ನ ಮುಖ ಕಂಡರೆ ಆಗುತ್ತಿರಲಿಲ್ಲ. ತಪ್ಪು ಅವರದಲ್ಲ. ನಾನು ಕೊಬ್ಬರಿ ಎಣ್ಣೆ ಗಾಣ ನಡೆಸುವವನು, ಮೊದಲಿಂದಲೂ ಬೇಗ ರೇಗುವವನು. ಹೆಂಡತಿ ತೀರಿಕೊಂಡು ಎಂಟು ತಿಂಗಳಾಗಿತ್ತು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ಕೂಗಾಡುವುದಕ್ಕೂ ಯಾರೂ ಇಲ್ಲದ್ದರಿಂದ ಸಿಕ್ಕ ಸಿಕ್ಕ ಮೆಕ್ಯಾನಿಕ್ ಮೇಲೆ ಕೂಗಾಡುತ್ತಿದ್ದೆ.

ತೊಂದರೆ ಇಷ್ಟೇ. ವಾರಕ್ಕೊಮ್ಮೆ ಬೇಲೂರಿನ ಅಂಗಡಿಯೊಂದಕ್ಕೆ ಎಣ್ಣೆ ಡಬ್ಬಗಳನ್ನು ಕೊಟ್ಟುಬರುತ್ತೇನೆ. ಅರಸೀಕೆರೆ ಬಿಟ್ಟ ಗಾಡಿ ಬಾಣಾವರ, ಜಾವಗಲ್ ದಾಟಿ ಹಳೇಬೀಡಿನವರೆಗೆ ಚೆನ್ನಾಗಿಯೇ ಹೋಗುತ್ತದೆ. ಹಳೇಬೀಡು ಬಿಟ್ಟು ಮೂರ್ನಾಲ್ಕು ಕಿಲೋಮೀಟರ್ ಆಗುತ್ತಿದ್ದಂತೆ ಎಳೆತ ಕಡಿಮೆಯಾಗಿ, ಎರಡು ಸಲ ಮುಗ್ಗರಿಸಿ, ನಿಂತುಬಿಡುತ್ತದೆ. ಕಾಲು ಗಂಟೆ ಸುಮ್ಮನೆ ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಮತ್ತೆ ಸ್ಟಾರ್ಟ್ ಆಗುತ್ತದೆ. ಇದು ಶುರುವಾದದ್ದು ಅವಳು ಹೋದ ಮೇಲೆ. ಅದಕ್ಕೆ ಮುಂಚೆ ಒಂದು ದಿನವೂ ನಿಂತದ್ದಿಲ್ಲ. ಅವಳಿಲ್ಲದ್ದು ಗಾಡಿಗೂ ತಿಳಿದಿರಬೇಕು ಎಂದು ಮೊದಮೊದಲು ಅಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೆ ಆಮೇಲೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಪೆಟ್ರೋಲು ಸರಿಯಾಗಿ ಬರುತ್ತಿಲ್ಲ ಎನ್ನುವುದನ್ನು ಎಲ್ಲ ಮೆಕ್ಯಾನಿಕ್‌ಗಳೂ ಒಪ್ಪಿದರು. ಯಾಕೆ ಎನ್ನುವುದು ಯಾರಿಗೂ ಗೊತ್ತಾಗಲಿಲ್ಲ. ಒಬ್ಬರು ಫಿಲ್ಟರ್ ಬದಲಾಯಿಸಿದರು. ಇನ್ನೊಬ್ಬರು ಕಾರ್ಬೊರೇಟರ್ ಬಿಚ್ಚಿ ಪೆಟ್ರೋಲಿನಲ್ಲಿ ನೆನೆಹಾಕಿ ತೊಳೆದರು. ಟ್ಯಾಂಕಿನಿಂದ ಪೆಟ್ರೋಲು ಎಳೆಯುವ ಪಂಪು ಹೊಸದು ಬಂತು. ಟ್ಯಾಂಕನ್ನೇ ಇಳಿಸಿ ತೊಳೆದದ್ದೂ ಆಯಿತು. ಪ್ರತಿಸಲವೂ ಊರ ಪಕ್ಕದ ಮಾಲೇಕಲ್ಲಿನ ಬೆಟ್ಟದ ಬುಡದವರೆಗೆ ಓಡಿಸಿಕೊಂಡು ಬಂದು, "ಈಗ ಬೆಣ್ಣೆ ಥರ ಐತೆ, ತಗೊಂಡೋಗಿ" ಎನ್ನುತ್ತಿದ್ದರು. ಅಷ್ಟು ದೂರಕ್ಕೆ ಅದು ಯಾವತ್ತೂ ಬೆಣ್ಣೆಯೇ.

ಕೊನೆಗೆ ಕೈಚೆಲ್ಲಿದೆ. ಬಿಕ್ಕೋಡಿನ ಕಾಫಿ ತೋಟವೊಂದರಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುವ ಒಬ್ಬರಿಗೆ ಹಳೇ ಕಾರುಗಳ ಹುಚ್ಚು. ನನ್ನ ಗಾಡಿಯ ಮೇಲೆ ಅವರಿಗೆ ಬಹಳ ದಿನದಿಂದ ಕಣ್ಣಿತ್ತು. ಅವರಿಗೆ ಫೋನ್ ಮಾಡಿ, "ಗುರುವಾರ ಕೊನೇ ಸಲ ಬೇಲೂರಿಗೆ ಹೋಗ್ತೀನಿ. ಅವತ್ತೂ ದಾರೀಲಿ ನಿಂತರೆ ಭಾನುವಾರ ನೀವೇ ಬಂದು ತಗೊಂಡು ಹೋಗಿ" ಎಂದೆ. ಧೈರ್ಯವಾಗಿಯೇ ಹೇಳಿದೆ. ಫೋನ್ ಇಟ್ಟ ಮೇಲೆ ಹೋಗಿ ಕಾರಿನ ಬಾಗಿಲು ತೆಗೆದು ಒಳಗೆ ಕೂತೆ.

ಅವಳ ಸೀರೆಗಳನ್ನು ಅವಳ ತಂಗಿಯರು ಹಂಚಿಕೊಂಡು ಹೋಗಿದ್ದರು. ನಾನೇ ಕೊಟ್ಟದ್ದು. ಮನೆಯಲ್ಲಿ ಅವಳು ಕೂರುತ್ತಿದ್ದ ಜಾಗ ಯಾವುದೆಂದು ಕೇಳಿದರೆ ತೋರಿಸುವುದು ಕಷ್ಟ, ಅವಳು ಕೂತದ್ದೇ ಕಡಿಮೆ. ಕಾರಿನಲ್ಲಿ ಮಾತ್ರ ಕೂರುತ್ತಿದ್ದಳು. ಮುಂದಿನ ಎಡಗಡೆ ಸೀಟು ಅವಳ ಭಾರಕ್ಕೆ ತಗ್ಗಿದೆ. ಹರಿದ ಸೀಟ್ ಕವರಿಗೆ ಅವಳು ಹಾಕಿದ ಸೇಫ್ಟಿ ಪಿನ್ನು ಹಾಗೇ ಇದೆ. ಗಾಡಿ ಹೋದರೆ ಅದೂ ಹೋಗುತ್ತದೆ. ಅದು ಹೋದರೆ ನನಗೆ ಉಳಿಯುವುದು ಒಂದು ಫೋಟೊ, ಅದರಲ್ಲೂ ಅವಳು ಯಾರದೋ ಮದುವೆಯಲ್ಲಿ ಬೇರೆ ಕಡೆ ನೋಡುತ್ತಿದ್ದಾಳೆ.

ಗುರುವಾರ ಗಾಡಿ ನಿಂತಿತು. ಅದೇ ಜಾಗ. ಬಾನೆಟ್ ಎತ್ತಿ, ಒಳಗಿನದೊಂದೂ ತಿಳಿಯದೆ, ಸುಮ್ಮನೆ ನೋಡುತ್ತಾ ನಿಂತೆ. ನಿಜ ಹೇಳಬೇಕೆಂದರೆ ಅತ್ತುಬಿಟ್ಟೆ. ಅಷ್ಟರಲ್ಲಿ ಮೊಪೆಡ್‌ನಲ್ಲಿ ಹೋಗುತ್ತಿದ್ದ ಒಬ್ಬರು ನಿಲ್ಲಿಸಿದರು. ಹಳೇಬೀಡಿನಲ್ಲಿ ಟ್ರಾಕ್ಟರ್ ರಿಪೇರಿ ಮಾಡುವವರಂತೆ, ನನ್ನದೇ ವಯಸ್ಸು. ಬಾನೆಟ್ ಕಡೆ ತಿರುಗಿಯೂ ನೋಡಲಿಲ್ಲ.

"ಮುಂಚೆ ನಿಲ್ತಿರ್ಲಿಲ್ವಾ ಯಜಮಾನ್ರೇ?"

"ಇಲ್ಲ. ಈ ಎಂಟು ತಿಂಗಳಿಂದ."

"ಮುಂಚೆ ನೀವೇ ನಿಲ್ಲಿಸ್ತಿದ್ರಾ, ದಾರೀಲಿ ಎಲ್ಲಾದ್ರೂ?"

ಅಂಥ ಪ್ರಶ್ನೆಯನ್ನು ಯಾವ ಮೆಕ್ಯಾನಿಕ್ಕೂ ಕೇಳಿರಲಿಲ್ಲ. ನಿಲ್ಲಿಸುತ್ತಿದ್ದೆ. ಹಳೇಬೀಡಿನ ಕೆರೆ ಏರಿಯ ಹತ್ತಿರ, ಹೋಗುವಾಗಲೂ ಬರುವಾಗಲೂ. ಅವಳ ಹಟ. "ನಿಲ್ಲಿಸ್ರೀ, ಹತ್ತು ನಿಮಿಷ. ಗಾಡಿಗೂ ಸ್ವಲ್ಪ ಉಸಿರಾಡಕ್ಕೆ ಬಿಡಿ" ಎನ್ನುತ್ತಿದ್ದಳು. ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದಳು. "ಇದೇನು ಎತ್ತೇನೇ, ಸುಸ್ತಾಗಕ್ಕೆ?" ಎಂದು ನಾನು ಪ್ರತಿಸಲ ರೇಗುತ್ತಿದ್ದೆ. ಅವಳು ಹೋದ ಮೇಲೆ ಅಲ್ಲಿ ನಿಲ್ಲಿಸಿರಲಿಲ್ಲ. ಆ ಕಡೆ ತಿರುಗಿಯೂ ನೋಡದೆ ದಾಟುತ್ತಿದ್ದೆ.

ಅವರು ಹಿಂದೆ ಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುವಿದರು. 'ಸುಸ್ಸ್' ಎಂದು ಗಾಳಿ ಒಳಕ್ಕೆ ನುಗ್ಗಿದ ಸದ್ದು ನನಗೂ ಕೇಳಿಸಿತು.

"ಈಗ ಸ್ಟಾರ್ಟ್ ಮಾಡಿ."

ಒಂದೇ ಸಲಕ್ಕೆ ಹತ್ತಿಕೊಂಡಿತು.

"ಪೆಟ್ರೋಲು ಹೋದಷ್ಟೂ ಟ್ಯಾಂಕಿಗೆ ಗಾಳಿ ಬರ್ಬೇಕು. ಅದಕ್ಕೇ ಮುಚ್ಚಳದಾಗೆ ಒಂದು ಸಣ್ಣ ತೂತು ಇರ್ತೈತೆ. ನಿಮ್ಮದು ಮುಚ್ಚೋಗೈತೆ. ಪಂಪು ಎಷ್ಟು ಎಳೆದ್ರೂ ಬರಕಿಲ್ಲ. ಸ್ವಲ್ಪ ಹೊತ್ತು ನಿಲ್ಲಿಸಿದ್ರೆ ಸಂದೀಲಿ ನಿಧಾನಕ್ಕೆ ಗಾಳಿ ಸೇರ್ಕೊತೈತೆ, ಮತ್ತೆ ಓಡ್ತೈತೆ."

ನನಗೆ ನಾಚಿಕೆಯಾಯಿತು. ಮೂವತ್ತು ವರ್ಷ ಎಣ್ಣೆ ಮಾರಿದವನು ನಾನು. ಡಬ್ಬದ ಒಂದು ಮೂಲೆಗೆ ತೂತು ಹೊಡೆದರೆ ಎಣ್ಣೆ ಸರಾಗವಾಗಿ ಬೀಳುವುದಿಲ್ಲ, ಎದುರು ಮೂಲೆಗೆ ಗಾಳಿಗೆಂದು ಇನ್ನೊಂದು ಹೊಡೆಯಬೇಕು. ದಿನಾ ಮಾಡುವ ಕೆಲಸ. ಅವರು ಮುಚ್ಚಳವನ್ನು ಉಗುರಿನಿಂದ ಕೆರೆದು ಮೂಸಿ ನೋಡಿದರು.

"ಇದೇನು, ಕೊಬ್ಬರಿ ಎಣ್ಣೆ ವಾಸ್ನೆ! ಯಾರು ಹಿಂಗೆ ಮೆತ್ತಿದ್ದು?"

ವಿಭೂತಿ. ಪ್ರತಿವರ್ಷ ಆಯುಧಪೂಜೆಯ ದಿನ ಗಾಣಕ್ಕೆ ಪೂಜೆ ಮುಗಿಸಿ, ಅದೇ ಎಣ್ಣೆಗೈಯಲ್ಲಿ ವಿಭೂತಿ ಕಲಸಿಕೊಂಡು ಕಾರಿನ ಹತ್ತಿರ ಬರುತ್ತಿದ್ದಳು. ಬಾನೆಟ್ಟಿಗೆ ಮೂರು ಬೆರಳು, ಸ್ಟೀರಿಂಗಿಗೆ ಮೂರು ಬೆರಳು, ಆಮೇಲೆ ಈ ಮುಚ್ಚಳಕ್ಕೆ. "ಇದು ಅದರ ಬಾಯಿ ಅಲ್ವೇನ್ರೀ" ಎನ್ನುತ್ತಿದ್ದಳು. ಬಾನೆಟ್ಟಿನದು ಮಳೆಗೆ ಹೋಗುತ್ತಿತ್ತು. ಗೂಡಿನಂಥ ಜಾಗದಲ್ಲಿದ್ದ ಇದು ವರ್ಷ ವರ್ಷವೂ ಪದರ ಕಟ್ಟಿ ಗಟ್ಟಿಯಾಗಿತ್ತು.

"ಪಿನ್ನು ಏನಾದ್ರೂ ಐತಾ?" ಎಂದರು. ಸೀಟ್ ಕವರಿನಿಂದ ಅವಳ ಸೇಫ್ಟಿ ಪಿನ್ನು ಬಿಚ್ಚಿ ಕೊಟ್ಟೆ. ತೂತು ಬಿಡಿಸಿದರು. ಉಳಿದದ್ದನ್ನು ಒರೆಸಲು ಬಟ್ಟೆ ತೆಗೆದಾಗ ನನ್ನ ದನಿ ಜೋರಾಯಿತು.

"ತೂತು ಸಾಕು! ಉಳಿದದ್ದು ಮುಟ್ಟಬೇಡಿ."

ಅವರು ನನ್ನ ಮುಖ ನೋಡಿದರು. ಬಟ್ಟೆಯನ್ನು ಜೇಬಿಗೆ ಹಾಕಿಕೊಂಡು, ಪಿನ್ನನ್ನು ನನ್ನ ಕೈಗೆ ಕೊಟ್ಟು ಹೋದರು.

ಹಾಗಾದರೆ ಗಾಡಿಯ ಉಸಿರು ಕಟ್ಟಿಸಿದವಳೂ ಅವಳೇ, ಕೆರೆ ಏರಿಯಲ್ಲಿ ನಿಲ್ಲಿಸಿ ಉಸಿರು ಬಿಡಿಸುತ್ತಿದ್ದವಳೂ ಅವಳೇ. ಎರಡೂ ಅವಳಿಗೆ ಗೊತ್ತಿರಲಿಲ್ಲ. ಮನೆಗೆ ಹೋಗಿ ಅವಳನ್ನು ಚೆನ್ನಾಗಿ ಬೈಯಬೇಕು, ಬೈದು ಮುಗಿಸಿ ನೀನು ಹೇಳಿದ್ದೇ ಸರಿ ಎನ್ನಬೇಕು ಎಂದು ಎಷ್ಟು ಆಸೆಯಾಯಿತೆಂದರೆ, ಒಂದು ಕ್ಷಣ ಅವಳು ಮನೆಯಲ್ಲಿದ್ದಾಳೆ ಎಂದೇ ಅಂದುಕೊಂಡಿದ್ದೆ.

ಬೇಲೂರಿನಲ್ಲಿ ಡಬ್ಬ ಇಳಿಸಿ, ಎಲ್ಲೂ ನಿಲ್ಲಿಸದೆ ವಾಪಸು ಹೊರಟೆ. ನಿಜವಾಗಿಯೂ ಸರಿಯಾಗಿದೆಯೋ ಇಲ್ಲವೋ ನೋಡಲು ಅದೊಂದೇ ದಾರಿ. ಕೆರೆ ಏರಿ ಬಂತು, ಹೋಯಿತು. ಜಾವಗಲ್ ಹೋಯಿತು. ಒಂದು ಸಲವಾದರೂ ಮುಗ್ಗರಿಸಲಿ ಎಂದು ಕಾದೆ. ಮುಗ್ಗರಿಸಲಿಲ್ಲ. ಅರಸೀಕೆರೆಯವರೆಗೆ ಗಾಡಿ ಅಷ್ಟು ಚೆನ್ನಾಗಿ ಓಡಿದ್ದೇ ಇಲ್ಲ, ನಾನು ಅಷ್ಟು ಒಂಟಿಯಾಗಿ ಅದರಲ್ಲಿ ಕೂತದ್ದೂ ಇಲ್ಲ.

ಸಂಜೆ ಬಿಕ್ಕೋಡಿನವರ ಫೋನ್ ಬಂತು.

"ಏನಾಯ್ತು ಸಾರ್? ನಿಂತ್ತಾ?"

"ನಿಂತಿತು" ಎಂದೆ. ಅದು ನಿಜವೇ.

"ಹಂಗಾದ್ರೆ ಭಾನುವಾರ ಬತ್ತೀನಿ. ರಿಪೇರಿ ನಾನು ಮಾಡಿಸ್ಕೊತೀನಿ, ಬಿಡಿ."

"ಬರಬೇಡಿ. ಅದು ರಿಪೇರಿ ಆಗೋ ಅಂಥದ್ದಲ್ಲ."

"ಏನು ತೊಂದ್ರೆ ಅದಕ್ಕೆ?"

ಜೇಬಿನಲ್ಲಿ ಅವಳ ಪಿನ್ನು ಇನ್ನೂ ಇತ್ತು.

"ಹಳೇಬೀಡಲ್ಲಿ ಹತ್ತು ನಿಮಿಷ ನಿಲ್ಲಿಸಲೇಬೇಕು," ಎಂದೆ. "ಇಲ್ಲದಿದ್ರೆ ಮುಂದಕ್ಕೆ ಹೋಗಲ್ಲ."