ಬಾಗಿಲು ತೆರೆದರೆ ಕೆಂಪು

ಎದುರು ಮನೆಯವರು ಇವತ್ತು ಬೆಳಿಗ್ಗೆ ಗೇಟಿಗೆ ಬಣ್ಣ ಹೊಡೆಸುತ್ತಿದ್ದಾರೆ. ಥಿನ್ನರ್ ವಾಸನೆ ನೇರವಾಗಿ ನನ್ನ ಉಪ್ಪಿಟ್ಟಿನ ತಟ್ಟೆಯವರೆಗೂ ಬಂದಿದೆ. ಈ ವಾಸನೆಗೆ ನಿಮಗಾದರೆ ತಲೆನೋವು ಬರಬಹುದು. ನನಗೆ ಮಾವ ನೆನಪಾಗುತ್ತಾರೆ. ಎರಡಕ್ಕೂ ಅಂಥ ವ್ಯತ್ಯಾಸವೇನಿಲ್ಲ ಎಂದು ಒಂದು ಕಾಲದಲ್ಲಿ ಅಂದುಕೊಂಡಿದ್ದೆ.

ಅವರು ನನ್ನ ಹೆಂಡತಿ ಸುಧಾಳ ತಂದೆ. ನ್ಯಾಮತಿಯಲ್ಲಿ ಆಯುಷ್ಯವೆಲ್ಲ ಲಾರಿಗಳಿಗೆ ಬಣ್ಣ ಹೊಡೆದವರು. ನಾವು ಅವರನ್ನು ಕೇಳದೆ ರಿಜಿಸ್ಟರ್ ಮದುವೆಯಾದೆವು. ಅಲ್ಲಿಂದ ಎರಡೂವರೆ ವರ್ಷ ಅವರು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಬೈಯಲೂ ಇಲ್ಲ. ನಾನು ಹೈಸ್ಕೂಲು ಮೇಷ್ಟ್ರು, ತಯಾರಿಯಿಲ್ಲದೆ ಎಲ್ಲಿಗೂ ಹೋಗುವವನಲ್ಲ; ಬೈದರೆ ಕೊಡಬೇಕಾದ ಉತ್ತರಗಳನ್ನು ಸಿದ್ಧ ಮಾಡಿಟ್ಟುಕೊಂಡಿದ್ದೆ. ಎಲ್ಲ ವ್ಯರ್ಥವಾದವು.

ಮಗಳು ಹುಟ್ಟಿದ ಮೇಲೆ, ಮಾವ ಹೊನ್ನಾಳಿಯ ನಮ್ಮ ಮನೆಗೆ ಎರಡು ದಿನದ ಮಟ್ಟಿಗೆ ಬರುತ್ತಾರೆಂದು ಸುದ್ದಿ ಬಂತು. ಆ ಹೊತ್ತಿಗೆ ನಾನು ಸಂತೇಬೆನ್ನೂರಿನವರೊಬ್ಬರಿಂದ ಹಳೆಯ ಕೆಂಪು ಕಾರೊಂದನ್ನು ಕೊಂಡಿದ್ದೆ. ಬಾಡಿಗೆಗೆ ಕಂಪ್ರೆಸರ್ ತಂದು, ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು, ಮನೆಯ ಮುಂದೆಯೇ ಅದಕ್ಕೆ ನೀಲಿ ಬಣ್ಣ ಹೊಡೆದಿದ್ದೆ. ದೂರದಿಂದ ನೋಡಿದವರು ಚೆನ್ನಾಗಿದೆ ಎಂದರು. ಹತ್ತಿರದಿಂದ ನೋಡಿದವರು ಏನೂ ಹೇಳಲಿಲ್ಲ. ಬಾಗಿಲು ತೆರೆದರೆ ಮಾತ್ರ ಚೌಕಟ್ಟು, ಕಿಟಕಿಯ ಒಳ ಅಂಚು ಎಲ್ಲ ಹಾಗೇ ಕೆಂಪಗಿದ್ದವು. ವಿಡಿಯೋದವನು ಬಾಗಿಲು ತೆರೆದು ತೋರಿಸಿರಲಿಲ್ಲ.

ಮಾವ ಬಂದರು. ಮೊಮ್ಮಗಳನ್ನು ನೋಡಿದರು, ಚಹಾ ಕುಡಿದರು, ಹೊರಗೆ ಹೋಗಿ ಕಾರಿನ ಬಾಗಿಲು ತೆರೆದರು. ಮುಚ್ಚಿದರು. ಮತ್ತೆ ತೆರೆದರು.

"ಸುಧಾ, ಇದನ್ನ ಯಾರು ಹೊಡೆದಿದ್ದು ಕೇಳು."

ನಾನು ಒಂದು ಮಾರು ದೂರದಲ್ಲೇ ನಿಂತಿದ್ದೆ. "ನಾನೇ," ಎಂದೆ.

"ಮೇಲೆ ಅಂಗಿ ಹೊಸದು, ಒಳಗೆ ಬನಿಯನ್ ಹರಿದೈತೆ. ಹಿಂಗೆ ಬಿಡಾಕೆ ಬರಲ್ಲ ಅಂತ ಹೇಳು."

ಸುಧಾ ನನ್ನತ್ತ ತಿರುಗಿ, "ಬಿಡಾಕೆ ಬರಲ್ವಂತೆ," ಎಂದಳು.

ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು. ಮಾವ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಸುಧಾ ಮಗುವಿನೊಂದಿಗೆ ಮೆಟ್ಟಿಲ ಮೇಲೆ ಕೂತಳು. ಅಪ್ಪಣೆಗಳೆಲ್ಲ ಅವಳ ಮೂಲಕ ಬರುತ್ತಿದ್ದವು. ಮೊದಲು ಬ್ಯಾಟರಿ ವೈರು ಬಿಚ್ಚಬೇಕಂತೆ. ದಿನವಿಡೀ ಬಾಗಿಲು ತೆರೆದಿದ್ದರೆ ಒಳಗಿನ ದೀಪ ಉರಿದೂ ಉರಿದೂ ಬ್ಯಾಟರಿ ಇಳಿಯುತ್ತದಂತೆ. ಚೌಕಟ್ಟಿನ ರಬ್ಬರು ಕೀಳಬೇಕಂತೆ. ಬಾಗಿಲು ತಿರುಗುವ ಹಿಂಜಿನ ಸಂದಿಯ ಗ್ರೀಸು ಒರೆಸದಿದ್ದರೆ ಬಣ್ಣ ಹಿಡಿಯುವುದಿಲ್ಲವಂತೆ. ನಾನು ಒರೆಸಿದೆ, ನೀರು ಹಾಕಿ ಪಾಲಿಶ್ ಪೇಪರ್ ತಿಕ್ಕಿದೆ, ಸೀಟುಗಳಿಗೆಲ್ಲ ಹಳೆಯ ಪೇಪರ್ ಹೊದಿಸಿದೆ. ನಾಲ್ಕೂ ಬಾಗಿಲು ತೆರೆದ ಕಾರು ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವ ಕೋಳಿಯಂತೆ ನಿಂತಿತ್ತು.

ಅಷ್ಟರಲ್ಲಿ ಮಗು ಅತ್ತಿತು. ಸುಧಾ ಎತ್ತಿಕೊಂಡು ಒಳಗೆ ಹೋದಳು. ನಮ್ಮಿಬ್ಬರ ನಡುವೆ ಈಗ ಕಾರೊಂದೇ ಉಳಿಯಿತು.

ಸ್ಪ್ರೇ ಗನ್ನು ಹೋಗದ ಮೂಲೆಗಳಿಗೆ ಬ್ರಷ್ ಬೇಕಿತ್ತು. ನಾನು ಹಿಂಜಿನ ಹಿಂದೆ ಬ್ರಷ್ ತೂರಿಸಿದೆ. ಬಣ್ಣ ದಪ್ಪಗೆ ಸೋರಿ ಕೆಳಗಿಳಿಯಿತು. ಮಾವನಿಗೆ ತಡೆಯಲಾಗಲಿಲ್ಲ. ಎದ್ದು ಬಂದು ಕೈ ಚಾಚಿದರು. ನಾನು ಬ್ರಷ್ ಕೊಟ್ಟು, ಜಾಗ ಬಿಟ್ಟು, ತೆರೆದ ಬಾಗಿಲಿನ ಆಚೆ ಬದಿಗೆ ಹೋಗಿ ನಿಂತೆ. ಅವರು ಬಗ್ಗಿದರು. ಬ್ರಷ್ಷಿನ ತುದಿ ಚೌಕಟ್ಟಿನ ಹತ್ತಿರ ಹೋಗುತ್ತಿದ್ದಂತೆ ನಡುಗತೊಡಗಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದುಕೊಂಡರು. ಎರಡೂ ಕೈ ನಡುಗಿದವು. ಕೆಳಗೆ ಹಾಸಿದ್ದ ಪೇಪರಿನ ಮೇಲೆ ನೀಲಿ ಹನಿಗಳು ಬಿದ್ದವು.

ಅವರು ತಲೆ ಎತ್ತಿದರು. ಕಿಟಕಿಯ ಗಾಜು ಇಳಿಸಿದ್ದರಿಂದ ನಮ್ಮ ಮುಖಗಳ ನಡುವೆ ಏನೂ ಇರಲಿಲ್ಲ.

"ಒಂದು ವರ್ಷ ಆಯ್ತು," ಎಂದರು. "ಕೆಲಸ ಬಿಟ್ಟೀನಿ ಅಂತ ಅವಳಿಗೆ ಗೊತ್ತೈತೆ. ಯಾಕೆ ಅಂತ ಹೇಳಿಲ್ಲ. ನೀವೂ ಹೇಳಬ್ಯಾಡ್ರಿ."

ನನಗೆಂದೇ ಅವರು ಆಡಿದ ಮೊದಲ ಮಾತು ಅದು. ನಾನು ಸಿದ್ಧ ಮಾಡಿಟ್ಟಿದ್ದ ಉತ್ತರಗಳಲ್ಲಿ ಒಂದೂ ಇದಕ್ಕೆ ಹೊಂದಲಿಲ್ಲ.

"ಇಲ್ಲ ಮಾವ," ಎಂದೆ. "ಬ್ರಷ್ ಹೆಂಗೆ ಹಿಡೀಬೇಕು ಹೇಳ್ರಿ."

ಬ್ರಷ್ಷನ್ನು ನನ್ನ ಕೈಗಿತ್ತರು. "ಬಣ್ಣ ಕಮ್ಮಿ ಅದ್ದ್ರಿ. ಉಸಿರು ಹಿಡೀರಿ. ಒಂದ್ಸಲ ಎಳೆಯಾಕೆ ಶುರು ಮಾಡಿದ್ರೆ ನಡುವೆ ನಿಲ್ಲಿಸಬ್ಯಾಡ್ರಿ."

ಸುಧಾ ಹೊರಗೆ ಬಂದಾಗ ನಾವು ಮೂರನೆಯ ಬಾಗಿಲಿನಲ್ಲಿದ್ದೆವು. "ಏನಂತೆ?" ಎಂದು ಅಭ್ಯಾಸಬಲದಿಂದ ಕೇಳಿದಳು.

"ನಿನಗಲ್ಲ," ಎಂದರು ಮಾವ.

ಎರಡು ದಿನಕ್ಕೆಂದು ಬಂದವರು, ಬಣ್ಣದ ಎರಡನೆಯ ಕೋಟು ಒಣಗುವ ಮುಂಚೆ ಯಾರಾದರೂ ಬಾಗಿಲು ಮುಚ್ಚಿಬಿಟ್ಟರೆ ಅಂಟಿಕೊಳ್ಳುತ್ತದೆ ಎಂದು ಐದು ದಿನ ಉಳಿದರು. ನಾಲ್ಕನೆಯ ದಿನ ಊಟದ ಹೊತ್ತಿಗೆ ಕೈಯ ವಿಷಯ ತಾವೇ ಹೇಳಿದರು. ಸುಧಾ "ಹೂಂ" ಎಂದಳು. ಬಂದ ದಿನವೇ ಅವಳಿಗೆ ಗೊತ್ತಾಗಿತ್ತಂತೆ. ಅವತ್ತಿನಿಂದ ಅವರಿಗೆ ಚಹಾವನ್ನು ಅರ್ಧ ಲೋಟವೇ ಕೊಡುತ್ತಿದ್ದಳಂತೆ. ಮರುದಿನ ಅದೇ ಕಾರಿನಲ್ಲಿ ಮೂವರೂ ಮಗುವನ್ನೆತ್ತಿಕೊಂಡು ಡಾಕ್ಟರ ಹತ್ತಿರ ಹೋದೆವು. ಮಾತ್ರೆ ಕೊಟ್ಟರು. ನಡುಕ ಸ್ವಲ್ಪ ಇಳಿಯಿತು, ನಿಲ್ಲಲಿಲ್ಲ.

ಇವತ್ತು ಭಾನುವಾರ. ಉಪ್ಪಿಟ್ಟು ಮುಗಿಸಿ ನಾನು ನ್ಯಾಮತಿಗೆ ಹೊರಡಬೇಕು. ಮಾವನಿಗೆ ಗಡ್ಡ ಮಾಡುವವನು ಈಗ ನಾನೇ. ಸಲೂನಿಗೆ ಹೋಗಲು ಒಪ್ಪುವುದಿಲ್ಲ, ಅಲ್ಲಿಯವರಿಗೆ ಅವಸರವಂತೆ. ಮೊದಲೆಲ್ಲ ಬ್ಲೇಡು ಗಂಟಲ ಹತ್ತಿರ ಬಂದಾಗ ಕಣ್ಣು ಅಗಲ ಮಾಡಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು. ಕಳೆದ ವಾರ ಒಂದು ಕೆನ್ನೆ ಮುಗಿಯುವಷ್ಟರಲ್ಲಿ ಅವರಿಗೆ ನಿದ್ದೆ ಹತ್ತಿತ್ತು. ಇನ್ನೊಂದು ಕೆನ್ನೆಗೆ ಹಚ್ಚಿದ ಸೋಪು ಒಣಗುತ್ತಿತ್ತು. ಎಬ್ಬಿಸಲು ಮನಸ್ಸಾಗದೆ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತೆ.