ಅಗ್ನಿಯಾ ಪ್ರೋಖೊರೊವ್ನಾ ಬಾಯಲ್ಲಿ 'ನೀವು'

ಪೆರ್ಮ್ ಊರಿನ ನಮ್ಮ ಬ್ಯಾಲೆ ಶಾಲೆಯಲ್ಲಿ ಅಗ್ನಿಯಾ ಪ್ರೋಖೊರೊವ್ನಾ ಯಾರನ್ನಾದರೂ 'ನೀವು' ಎಂದರೆ ಅವರ ಕಥೆ ಮುಗಿದಂತೆ. ಉಳಿದವರಿಗೆಲ್ಲ 'ನೀನು'. ಜೊತೆಗೆ ಹಸು, ಒಲೆ, ಬೆಂದ ಆಲೂಗಡ್ಡೆ ಎಂದು ದಿನಕ್ಕೊಂದು ಬಿರುದು. ಬೈಗುಳ ಬೀಳುವಷ್ಟು ದಿನ ಹುಡುಗಿಯರು ನಿಶ್ಚಿಂತೆಯಿಂದಿದ್ದರು. ಮರ್ಯಾದೆ ಶುರುವಾಯಿತೋ, ಚೀಲ ಕಟ್ಟುತ್ತಿದ್ದರು.

ಕುಂಗೂರಿನ ರೈಲ್ವೆ ಗೇಟು ಕಾಯುವವನ ಮಗಳು ಅವರು. ಹದಿನೆಂಟಕ್ಕೆ ರಂಗಮಂದಿರ ಸೇರಿ ಇಪ್ಪತ್ತು ವರ್ಷ ಗುಂಪಿನಲ್ಲಿ ಎಡದಿಂದ ಮೂರನೆಯವರಾಗಿ ಕುಣಿದರು. ನಾಯಕಿಗೆ ಜ್ವರ ಬಂದ ಒಂದು ಸಂಜೆ ಮಾತ್ರ ನಡುವೆ ನಿಂತರು. ಮರುದಿನ ಪತ್ರಿಕೆಯವರು ಅವರ ಹೆಸರನ್ನೇ ತಪ್ಪಾಗಿ ಅಚ್ಚು ಹಾಕಿದರು. ಆ ಸಂಪಾದಕ ಸತ್ತಾಗ ಇವರು ಮಣ್ಣಿಗೂ ಹೋಗಲಿಲ್ಲ.

ಮೂವತ್ತೆಂಟಕ್ಕೆ ಕುಣಿತದಿಂದ ನಿವೃತ್ತಿ. ಮರುದಿನವೇ ಶಾಲೆಗೆ ಬಂದು ತೋಟಕ್ಕೆ ನೀರು ಚಿಮುಕಿಸುವ ತಗಡಿನ ಡಬ್ಬ ಕೈಗೆತ್ತಿಕೊಂಡರು. ಪಾಠಕ್ಕೆ ಮುಂಚೆ ಮರದ ನೆಲ ಜಾರದಂತೆ ನೀರು ಹನಿಸಬೇಕಲ್ಲ, ಆ ಕೆಲಸವನ್ನು ಮೂವತ್ಮೂರು ವರ್ಷ ಯಾರಿಗೂ ಬಿಡಲಿಲ್ಲ. ಪಾಠಕ್ಕೆ ಪಿಯಾನೊ ನುಡಿಸಲು ಕೂತ ನನ್ನ ಬೂಟಿನ ಮೇಲೂ ನಾಲ್ಕು ಹನಿ. "ನಿನಗೂ ನೀರು ಹಾಕಿ ನೋಡ್ತೀನಿ, ಬೆರಳಾದ್ರೂ ಚಿಗುರುತ್ತಾ ಅಂತ."

ಆಮೇಲೆ ವಾದಿಮ್ ಸವೇಲ್ಯೆವಿಚ್ ನಿರ್ದೇಶಕರಾಗಿ ಬಂದರು. ಹನ್ನೆರಡರ ಹುಡುಗನಾಗಿದ್ದಾಗ ಇದೇ ಕೋಣೆಯಲ್ಲಿ 'ನೀವು' ಅನ್ನಿಸಿಕೊಂಡು ಹೊರಬಿದ್ದವರು. ಕುಣಿಯಲು ಬಾರದ ಕಾಲಿನಿಂದಲೇ ಸಭೆಯಿಂದ ಸಭೆಗೆ ಹತ್ತಿ ಈ ಕುರ್ಚಿ ತಲುಪಿದ್ದರು. ಬಾಗಿಲ ಮೇಲಿನ ತಮ್ಮ ಹೆಸರಿನ ಫಲಕವನ್ನು ಅಕ್ಷರ ಸಣ್ಣದಾಯಿತೆಂದು ಎರಡು ಸಲ ಬದಲಾಯಿಸಿದ್ದರು.

ಒಂದು ಬೆಳಿಗ್ಗೆ ನಿವೃತ್ತಿಯ ಕಾಗದ ಹಿಡಿದು ಪಾಠದ ಕೋಣೆಗೇ ಬಂದರು.

"ಅಗ್ನಿಯಾ ಪ್ರೋಖೊರೊವ್ನಾ, ನಿಮಗೀಗ ಎಪ್ಪತ್ತೊಂದು. ವಿಶ್ರಾಂತಿ ಬೇಡ್ವಾ?"

"ನೀವು ಮೊದಲು ಬೆನ್ನು ನೆಟ್ಟಗೆ ಮಾಡ್ಕೊಳ್ಳಿ, ವಾದಿಮ್ ಸವೇಲ್ಯೆವಿಚ್. ಹಿಟ್ಟಿನ ಮೂಟೆ ಥರ ನಿಂತಿದ್ದೀರಿ."

ನಿರ್ದೇಶಕರ ಕಿವಿ ಕೆಂಪಾಯಿತು. ನಾನು ಕೇಳಿಸಿಕೊಳ್ಳುತ್ತಿಲ್ಲವೆಂದುಕೊಂಡು ದನಿ ತಗ್ಗಿಸಿದರು. "ಮೂವತ್ತು ವರ್ಷದಿಂದ ನೀವು, ನೀವು, ನೀವು! ಒಂದೇ ಒಂದ್ಸಲ, ಚಿಕ್ಕ ಹುಡುಗನ್ನ ಮುದ್ದಿನ ಹೆಸರಲ್ಲಿ ಕರೆದ ಹಾಗೆ, 'ನೀನು, ವಾದಿಕ್' ಅನ್ನಿ. ಈ ಕಾಗದ ಇಲ್ಲೇ ಹರಿದು ಹಾಕ್ತೀನಿ. ಇರೋತನಕ ಈ ಕ್ಲಾಸು ನಿಮ್ದೇ."

ಆ ಕ್ಲಾಸು ಬಿಟ್ಟರೆ ಅವರಿಗೆ ಬೇರೇನೂ ಇರಲಿಲ್ಲ. ಗಂಡನಿಲ್ಲ, ಮಕ್ಕಳಿಲ್ಲ, ಇದ್ದೊಂದು ಬೆಕ್ಕನ್ನೂ 'ನೀವು' ಅಂದು ಓಡಿಸಿದ್ದರೆಂದು ಹುಡುಗಿಯರು ಆಡಿಕೊಳ್ಳುತ್ತಿದ್ದರು. ಅಗ್ನಿಯಾ ಪ್ರೋಖೊರೊವ್ನಾ ಡಬ್ಬ ಬಗ್ಗಿಸಿ ನೆಲಕ್ಕೆ ಇನ್ನು ನಾಲ್ಕು ಹನಿ ಹಾಕಿದರು.

"ನೀನು ಅನ್ನೋದು ಮುಂದೆ ಏನಾದ್ರೂ ಆಗೋರಿಗೆ," ಎಂದರು. "ನೀವು ಆಗೋದೆಲ್ಲ ಆಗ್ಬಿಟ್ಟಿದ್ದೀರಿ."

ಡಬ್ಬವನ್ನು ನಿರ್ದೇಶಕರ ಕೈಗೆ ತುರುಕಿ ಹೊರಟೇಹೋದರು. ಅರ್ಧ ನೀರು ಅವರ ಪ್ಯಾಂಟಿನ ಮೇಲೆ.

ಮರುವಾರ ಮಾಸ್ಕೋದಿಂದ ಹೊಸ ಶಿಕ್ಷಕಿ ಬಂದರು. ಬಹಳ ಸಭ್ಯ ಹೆಂಗಸು. ಸಾಲಿನ ಮೊದಲಿಗೆ ನಿಂತಿದ್ದ ತಾಯಾ ಎಂಬ ಹುಡುಗಿಯ ಹತ್ತಿರ ಹೋಗಿ, "ನೀವು ಮೊಣಕಾಲು ಸ್ವಲ್ಪ ಚಾಚ್ತೀರಾ?" ಎಂದರು.

ತಾಯಾ ಅಲ್ಲೇ ಗೊಳೋ ಎಂದು ಅತ್ತಳು. ಪಕ್ಕದವಳಿಗೂ 'ನೀವು', ಅದರಾಚೆಯವಳಿಗೂ 'ನೀವು'. ಹತ್ತು ನಿಮಿಷದಲ್ಲಿ ಹನ್ನೊಂದು ಹುಡುಗಿಯರೂ ತಮ್ಮನ್ನು ಶಾಲೆಯಿಂದ ತೆಗೆದುಹಾಕಿದರೆಂದು ಚೀಲ ಕಟ್ಟಿಕೊಂಡು ಬೀದಿಗಿಳಿದರು. ಹಿಂದೆ ನಿರ್ದೇಶಕರು ಓಡಿದರು. ಅವರ ಹಿಂದೆ, ಇಂಥದ್ದನ್ನು ಬಿಡಬಾರದೆಂದು, ನಾನು.

ಹುಡುಗಿಯರು ಹೋದದ್ದು ಅಗ್ನಿಯಾ ಪ್ರೋಖೊರೊವ್ನಾ ಮನೆಗೆ. ಐದನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಕೈಯಲ್ಲಿ ಸೂಪಿನ ಸೌಟು.

"ಏನ್ರೇ ಹಸುಗಳಾ, ದೊಡ್ಡಿ ಬಾಗಿಲು ತೆಗೆದೋರು ಯಾರು? ತಾಯಾ, ಮೂಗು ಒರೆಸ್ಕೊ! ಹೊಟ್ಟೆ ಒಳಗೆಳ್ಕೊ!"

ಹನ್ನೊಂದು ಮುಖಗಳೂ ಅರಳಿದವು.

ಏದುಸಿರು ಬಿಡುತ್ತಾ ನಿರ್ದೇಶಕರು ಮೇಲೆ ತಲುಪಿದರು. "ಅಗ್ನಿಯಾ ಪ್ರೋಖೊರೊವ್ನಾ... ನಾಳೆಯಿಂದ ಬನ್ನಿ."

"ಬರ್ತೀನಿ. ನೀವು ನೆಲಕ್ಕೆ ನೀರು ಹಾಕಿಟ್ಟಿರಿ."

ಈಗ ದಿನಾ ಬೆಳಿಗ್ಗೆ ನಿರ್ದೇಶಕರೇ ಡಬ್ಬ ಹಿಡಿದು ನೀರು ಹನಿಸುತ್ತಾರೆ. ಅಗ್ನಿಯಾ ಪ್ರೋಖೊರೊವ್ನಾ ಬಂದು ಪಾದದ ತುದಿಯಿಂದ ನೆಲವನ್ನು ಒಮ್ಮೆ ಉಜ್ಜಿ ನೋಡುತ್ತಾರೆ. ವಾದಿಮ್ ಸವೇಲ್ಯೆವಿಚ್ ಉಸಿರು ಬಿಗಿಹಿಡಿದು ಕಾಯುತ್ತಾರೆ.

"ಸಾಲದು," ಎನ್ನುತ್ತಾರೆ ಅಗ್ನಿಯಾ ಪ್ರೋಖೊರೊವ್ನಾ. "ನೀವು ಇನ್ನೊಂದು ಸುತ್ತು ಹಾಕಿ."