ಮಾತ್ರೆ ನಿಲ್ಲಿಸುವ ಮೊದಲು ನಾಲ್ಕು ಊರು

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬೆಂಗಳೂರಿನ ಮೈಸೂರು ರಸ್ತೆಯ ನಿಲ್ದಾಣದಲ್ಲಿ ಚನ್ನಪಟ್ಟಣದ ಕೆಂಪು ಬಸ್ಸು ಹತ್ತಿದೆ. ಜೊತೆಗಿದ್ದವರು ರಂಗಯ್ಯನವರು. ಕನಕಪುರದ ಹತ್ತಿರ ಅವರದೊಂದು ಸಣ್ಣ ಔಷಧ ಕಾರ್ಖಾನೆ ಇದೆ. ಕಂಡಕ್ಟರು ನನ್ನ ಆಧಾರ್ ಕಾರ್ಡ್ ನೋಡಿ ಹೆಂಗಸರ ಉಚಿತ ಟಿಕೆಟ್ಟು ಕೊಟ್ಟರು. ತಮ್ಮ ಟಿಕೆಟ್ಟಿಗೆ ದುಡ್ಡು ಕೊಟ್ಟ ರಂಗಯ್ಯನವರು, ಈ ಪ್ರಯಾಣದಲ್ಲಿ ಸಲಹೆಗಾರರಿಂದ ಕಂಪನಿಗೆ ಖರ್ಚೇ ಇಲ್ಲ ಎಂದು ನಕ್ಕರು.

ನಾನು ದೊಡ್ಡ ಔಷಧ ಕಂಪನಿಯೊಂದರಲ್ಲಿ ಮೂವತ್ತು ವರ್ಷ ದುಡಿದವಳು. ಕೊನೆಗೆ ಅದರ ಎಲ್ಲ ಕಾರ್ಖಾನೆಗಳ ಹೊಣೆ ಹೊತ್ತು ನಿವೃತ್ತಳಾದೆ. ಈಗ ಸಣ್ಣ ಕಂಪನಿಗಳಿಗೆ ಸಲಹೆ ಕೊಡುತ್ತೇನೆ. ಯಾವ ಔಷಧ ಮಾಡಬೇಕು, ಯಾವುದನ್ನು ಬಿಡಬೇಕು, ಐದು ವರ್ಷದ ನಂತರ ಕಂಪನಿ ಎಲ್ಲಿರಬೇಕು ಎಂದು ಮಾಲೀಕರ ಜೊತೆ ಕೂತು ಯೋಚಿಸುವುದು ನನ್ನ ಕೆಲಸ. ರಂಗಯ್ಯನವರ ಕಾರ್ಖಾನೆಯಲ್ಲಿ ಮೂರ್ಛೆರೋಗಕ್ಕೆ, ಅಂದರೆ ಜನ ಫಿಟ್ಸ್ ಅನ್ನುವ ಕಾಯಿಲೆಗೆ, ಒಂದು ಹಳೆಯ ಮಾತ್ರೆ ತಯಾರಾಗುತ್ತಿತ್ತು. ಅಗ್ಗದ ಮಾತ್ರೆ, ವರ್ಷವೂ ನಷ್ಟ. ಅದೇ ಯಂತ್ರಗಳಲ್ಲಿ ಸಕ್ಕರೆ ಕಾಯಿಲೆಯ ಹೊಸ ಮಾತ್ರೆ ಮಾಡಿಕೊಟ್ಟರೆ ಕೊಳ್ಳುತ್ತೇವೆ ಎಂದು ವಿದೇಶದ ವ್ಯಾಪಾರಿಯೊಬ್ಬರು ಕೇಳಿದ್ದರು. ಎರಡನ್ನೂ ಮಾಡುವಷ್ಟು ಜಾಗವಾಗಲಿ ಯಂತ್ರವಾಗಲಿ ಇರಲಿಲ್ಲ. ಹೀಗೇ ನಡೆದರೆ ಕಾರ್ಖಾನೆ ಮುಚ್ಚುವ ದಿನ ದೂರವಿರಲಿಲ್ಲ, ಅಲ್ಲಿ ದುಡಿಯುವವರೆಲ್ಲ ಸುತ್ತಲ ಹಳ್ಳಿಗಳವರು. ಹಳೆಯ ಮಾತ್ರೆಯನ್ನು ತಕ್ಷಣ ನಿಲ್ಲಿಸಿ ಎಂದು ನಾನು ಹೇಳಿದ್ದೆ.

ರಂಗಯ್ಯನವರು ವಾದ ಮಾಡಲಿಲ್ಲ. "ನಿಮ್ ಲೆಕ್ಕ ಸರಿಯಾಗೈತೆ ಮೇಡಂ," ಎಂದರು. "ಆದ್ರೂ ಎರಡು ದಿನ ನನ್ ಜೊತೆ ಬನ್ನಿ. ಈ ಮಾತ್ರೆ ಹೆಚ್ಚಾಗಿ ಹೋಗೋ ನಾಕು ಊರು ತೋರುಸ್ತೀನಿ. ಆಮೇಲೆ ನೀವು ಹೇಳ್ದಂಗೇ ಆಗ್ಲಿ."

ಬಿಡದಿ ದಾಟುವ ಹೊತ್ತಿಗೆ ಬಿಸಿಲು ಏರಿತ್ತು. ಕೆಂಗಲ್ಲಿನಲ್ಲಿ ಬಸ್ಸು ನಿಂತಾಗ ಆಂಜನೇಯನ ದೇವಸ್ಥಾನದ ಕಡೆಗೆ ಕೈಮುಗಿದು ಹಲವರು ಇಳಿದರು, ನಮಗೆ ಕೂರಲು ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಚನ್ನಪಟ್ಟಣದಲ್ಲಿ ಇಳಿದು ಬಸ್ ನಿಲ್ದಾಣದ ಎದುರಿನ ಔಷಧದ ಅಂಗಡಿಗೆ ಹೋದೆವು. ಮಾಲೀಕರು ರಂಗಯ್ಯನವರ ಹಳೆಯ ಗಿರಾಕಿ. ನಿಮ್ಮ ಮಾತ್ರೆ ಬರದಿದ್ದರೆ ಬೇರೆ ಕಂಪನಿಯದು ತರಿಸುತ್ತೇವೆ, ಸ್ವಲ್ಪ ರೇಟು ಜಾಸ್ತಿ ಅಷ್ಟೆ, ಎಂದು ಅವರು ಫ್ಯಾನಿನ ಕೆಳಗೆ ಕೂತು ನಿರಾಳವಾಗಿ ಹೇಳಿದರು. ನನ್ನ ಮಾತಿಗೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ಊಟಕ್ಕೆ ಮುದ್ದೆ, ಹುರುಳಿಕಾಳಿನ ಬಸ್ಸಾರು ಸಿಕ್ಕಿತು. ನಾನು ಹಗುರಾದ ಮನಸ್ಸಿನಿಂದ ಇನ್ನೊಂದು ಸಲ ಸಾರು ಹಾಕಿಸಿಕೊಂಡೆ.

ಮಧ್ಯಾಹ್ನ ರಾಮನಗರಕ್ಕೆ ವಾಪಸ್ಸು ಬಂದೆವು. ಹನ್ನೆರಡು ಕಿಲೋಮೀಟರ್ ದಾರಿ. ಅಲ್ಲಿ ಒಂದು ಮನೆಗೆ ಹೋಗಬೇಕಿತ್ತು. ಗೂಡಿನಿಂದ ರೇಷ್ಮೆ ನೂಲು ಬಿಚ್ಚುವ ಕುಟುಂಬ, ಮನೆಯ ಹಿಂದೆಯೇ ಅವರ ರೀಲಿಂಗ್ ಶೆಡ್ಡು. ಹಿಂದೊಮ್ಮೆ ಕಾರ್ಖಾನೆಯ ಯಂತ್ರ ಕೆಟ್ಟು ಕೆಲವು ವಾರ ಮಾತ್ರೆ ನಿಂತುಹೋಗಿದ್ದಾಗ, ಈ ಮನೆಯ ಯಜಮಾನರು ಮಾತ್ರೆಯ ಹಾಳೆಯ ಹಿಂದೆ ಅಚ್ಚಾಗಿದ್ದ ವಿಳಾಸ ಹುಡುಕಿಕೊಂಡು ಕಾರ್ಖಾನೆಯ ಗೇಟಿಗೇ ಬಂದಿದ್ದರಂತೆ. ರಂಗಯ್ಯನವರಿಗೆ ಪರಿಚಯವಾದದ್ದು ಹಾಗೆ.

ಮಾತ್ರೆ ಬೇಕಾಗಿದ್ದುದು ಆ ಯಜಮಾನರ ಹೆಂಡತಿ ಶಮೀಮಾ ಅವರಿಗೆ. ನಲವತ್ತರ ಆಸುಪಾಸಿನ ಹೆಂಗಸು. ಶೆಡ್ಡಿನೊಳಗೆ ಬಿಸಿನೀರಿನ ತೊಟ್ಟಿಗಳಲ್ಲಿ ಗೂಡು ತೇಲುತ್ತಿದ್ದವು, ಹಬೆಗೆ ನನ್ನ ಕನ್ನಡಕ ಮಂಜಾಯಿತು. ಆಕೆ ಕೈ ಒರೆಸಿಕೊಂಡು ಬಂದು ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಎಡಗೈಯ ಮೊಣಕೈವರೆಗೂ ಚರ್ಮ ಸುಕ್ಕಾಗಿ ಬಣ್ಣ ಬದಲಾಗಿತ್ತು. ನಾನು ನೋಡಿದ್ದನ್ನು ಗಮನಿಸಿ ತಾವೇ ಹೇಳಿದರು.

"ಅಂಗಡೀಲಿ ನಾಳೆ ಬರ್ತದೆ, ನಾಳೆ ಬರ್ತದೆ ಅಂದ್ರು ಅಕ್ಕಾ. ನಾನೂ ನಾಳೆ ಸಿಗ್ತದೆ ಅಂತ ಸುಮ್ನಿದ್ದೆ. ಬೇರೆ ಕಂಪನಿದು ಇತ್ತಂತೆ. ನನಗೆ ಯಾರೂ ಹೇಳ್ಲಿಲ್ಲ."

ಕೆಲಸ ಮಾಡುತ್ತಿದ್ದಾಗಲೇ ಫಿಟ್ಸ್ ಬಂದು ಆಕೆ ಬಿಸಿನೀರಿನ ತೊಟ್ಟಿಯ ಮೇಲೆ ಬಿದ್ದು ಕೈ ಬೆಂದಿತ್ತು. ಪಕ್ಕದಲ್ಲಿದ್ದ ನಾದಿನಿ ಹಿಡಿದೆಳೆದದ್ದರಿಂದ ಮುಖ ಉಳಿಯಿತು. ಇಷ್ಟನ್ನೂ ಆಕೆ ಯಾರನ್ನೂ ದೂರದೆ ಹೇಳಿದರು. ಮಾತ್ರೆ ಮತ್ತೆ ಸಿಕ್ಕ ಮೇಲೆ ಒಂದು ಸಲವೂ ಬಂದಿಲ್ಲ, ನಿಮ್ಮ ಪುಣ್ಯ, ಎಂದು ರಂಗಯ್ಯನವರಿಗೆ ಕೈಮುಗಿದರು. ಅವರು ತಲೆ ತಗ್ಗಿಸಿ ಚಹಾ ಕುಡಿದರು.

ಆ ದಿನ ರಾಮನಗರದಲ್ಲೇ ಉಳಿದು, ಮರುದಿನ ಬೆಳಿಗ್ಗೆ ಇಡ್ಲಿ ತಿಂದು ಮಾಗಡಿ ಬಸ್ಸು ಹಿಡಿದೆವು. ಹಿಪ್ಪುನೇರಳೆ ತೋಟ, ಕುರಿಮಂದೆ, ಬಂಡೆ, ಮತ್ತೆ ತೋಟ. ದೂರದಲ್ಲಿ ಸಾವನದುರ್ಗ ಬಿಸಿಲಿಗೆ ಬೂದು ಬಣ್ಣಕ್ಕೆ ತಿರುಗಿ ನಿಂತಿತ್ತು. ಮಾಗಡಿಯಲ್ಲಿ ಭೇಟಿಯಾದದ್ದು ತಮ್ಮ ಫಿಟ್ಸ್ ರೋಗಿಗಳಿಗೆ ಈ ಮಾತ್ರೆ ಬರೆದುಕೊಡುವ ಡಾಕ್ಟರ್ ವನಜಾಕ್ಷಿಯವರನ್ನು. ಪೇಟೆಯ ಹಿಂದಿನ ಬೀದಿಯಲ್ಲಿ ಅವರ ಕ್ಲಿನಿಕ್ಕು. ಹೊರಗೆ ಬೆಂಚಿನ ತುಂಬ ಜನ ಕಾದಿದ್ದರು. ವಿಷಯ ತಿಳಿಸಿದಾಗ, ಮಾತ್ರೆ ನಿಲ್ಲಿಸಬೇಡಿ ಎಂದು ಅವರು ಬೇಡಿಕೊಳ್ಳಬಹುದು ಅಂದುಕೊಂಡಿದ್ದೆ. ಅವರು ಹಾಗೆ ಮಾಡಲಿಲ್ಲ.

"ನಿಲ್ಲಿಸೋದು ಬಿಡೋದು ನಿಮ್ಮ ತೀರ್ಮಾನ," ಎಂದರು. "ಆದರೆ ಮೊದಲೇ ನನಗೆ ಹೇಳಿ. ಒಬ್ಬೊಬ್ಬರನ್ನೂ ಕರೆಸಿ, ನೋಡಿ, ನಿಧಾನಕ್ಕೆ ಬೇರೆ ಮಾತ್ರೆಗೆ ಬದಲಾಯಿಸ್ತೀನಿ. ನನಗೆ ಬೇಕಾಗಿರೋದು ಸಮಯ."

ಅಷ್ಟು ಹೇಳಿ ಅವರು ಮುಂದಿನ ರೋಗಿಯನ್ನು ಒಳಗೆ ಕರೆದರು. ನಾನು ಹೊರಗೆ ಬಂದು ಬೇವಿನ ಮರದ ನೆರಳಲ್ಲಿ ನಿಂತೆ. ಮಾತ್ರೆ ಬಿಡಬೇಕೇ ಬೇಡವೇ ಎಂಬುದನ್ನಷ್ಟೇ ನಾನು ತೂಗಿ ನೋಡಿದ್ದೆ. ಬಿಡುವುದಾದರೆ ಹೇಗೆ ಬಿಡಬೇಕು ಎಂಬುದನ್ನು ಯೋಚಿಸಿರಲಿಲ್ಲ. ಆ ಡಾಕ್ಟರು ಎರಡು ನಿಮಿಷದಲ್ಲಿ ನನಗೆ ದಾರಿ ತೋರಿಸಿದ್ದರು. ಕೃತಜ್ಞತೆ ಹೇಳಲು ಒಳಗೆ ಹೋಗೋಣವೆಂದರೆ ಬಾಗಿಲು ಮುಚ್ಚಿತ್ತು.

ಮಾಗಡಿಯಿಂದ ಕನಕಪುರಕ್ಕೆ ರಾಮನಗರದ ಮೇಲೆಯೇ ಬಂದೆವು. ಬಸ್ಸಿನಲ್ಲಿ ರಂಗಯ್ಯನವರನ್ನು ಕೇಳಿದೆ, ಮಾತ್ರೆ ಬಿಡಲು ಮನಸ್ಸಿಲ್ಲದಿದ್ದರೆ ನನ್ನನ್ನು ಯಾಕೆ ಕರೆಸಿದಿರಿ ಎಂದು.

"ನಾನೊಬ್ನೇ ತೀರ್ಮಾನ ಮಾಡುದ್ರೆ ಮನಸು ಕರಗೋಯ್ತದೆ, ಕಾರ್ಖಾನೆ ಮುಳುಗೋಯ್ತದೆ. ನೀವೊಬ್ರೇ ಮಾಡುದ್ರೆ ಒಸಿ ಬಿರುಸಾಯ್ತದೆ. ಇಬ್ರೂ ಒಟ್ಗೆ ನೋಡ್ಕಂಡು ಬರಾನ ಅಂತ ಕರ್ಕಂಡ್ ಬಂದೆ."

ಕನಕಪುರದ ಅವರ ಮನೆ ತಲುಪಿದಾಗ ಸಂಜೆಯಾಗಿತ್ತು. ಅವರ ಹೆಂಡತಿ ಜಯಮ್ಮನವರು ಕೈಕಾಲಿಗೆ ನೀರು ಕೊಟ್ಟು, ನಿಂಬೆಹಣ್ಣಿನ ಪಾನಕ ತಂದಿಟ್ಟರು. ಮಗಳು ಭಾಗ್ಯ ಕಾರ್ಖಾನೆಯ ವ್ಯವಹಾರ ನೋಡಿಕೊಳ್ಳುವವಳು, ವಿದೇಶದ ವ್ಯಾಪಾರಿಯನ್ನು ಹುಡುಕಿ ತಂದವಳೂ ಅವಳೇ. ಜಗುಲಿಯ ಮೇಲೆ ಕೂತು ನನ್ನ ಹೊಸ ಸಲಹೆ ಹೇಳಿದೆ. ಹಳೆಯ ಮಾತ್ರೆಯನ್ನು ಬಿಡೋಣ, ಆದರೆ ಅದನ್ನು ಮಾಡಿ ಈ ಊರುಗಳಿಗೆ ತಪ್ಪದೆ ಕಳಿಸಲು ಒಪ್ಪುವ ಇನ್ನೊಂದು ಕಂಪನಿಯನ್ನು ಮೊದಲು ಹುಡುಕೋಣ. ಅವರ ಮಾತ್ರೆ ಈ ಅಂಗಡಿಗಳಿಗೆ ಬಂದು, ಡಾಕ್ಟರುಗಳೆಲ್ಲ ತಮ್ಮ ರೋಗಿಗಳನ್ನು ಬದಲಾಯಿಸಿಕೊಳ್ಳುವ ತನಕ ನಮ್ಮದು ನಿಲ್ಲಬಾರದು. ಅಲ್ಲಿಯ ತನಕ ಕಾಯಿರಿ ಎಂದು ವ್ಯಾಪಾರಿಯನ್ನು ಕೇಳೋಣ.

ಕಾಯದೆ ಹೋದರೆ, ಎಂದು ಭಾಗ್ಯ ಕೇಳಿದಳು. ಹೋಗಬಹುದು, ಎಂದೆ. ಅವಳ ಮುಖ ಸಪ್ಪಗಾಯಿತು. ಎರಡು ವರ್ಷ ಓಡಾಡಿ ತಂದ ಅವಕಾಶ ಅದು. ಶಮೀಮಾರ ಕೈಯ ವಿಷಯ ನಾನೇ ಹೇಳಿದೆ. ಅವಳು ಕೊನೆಗೆ, "ಕೇಳ್ತೀನಿ ಆಂಟಿ. ಹೋದ್ರೆ ಇನ್ನೊಬ್ಬರನ್ನ ಹುಡುಕ್ತೀನಿ," ಎಂದಳು.

ಆಮೇಲೆ ಆದದ್ದನ್ನು ಇಲ್ಲೇ ಹೇಳಿಬಿಡುತ್ತೇನೆ. ವ್ಯಾಪಾರಿ ಕಾಯಲಿಲ್ಲ. ಕಾರ್ಖಾನೆ ಒಂದು ಕಷ್ಟದ ವರ್ಷ ಕಳೆಯಿತು. ಭಾಗ್ಯ ಇನ್ನೊಬ್ಬರನ್ನು ಹುಡುಕಿದಳು, ಮೊದಲಿನವರಷ್ಟು ದೊಡ್ಡವರಲ್ಲ, ಆದರೆ ಮಾತಿಗೆ ನಿಂತವರು. ಹಳೆಯ ಮಾತ್ರೆಯನ್ನು ತುಮಕೂರಿನ ಕಡೆಯ ಕಂಪನಿಯೊಂದು ವಹಿಸಿಕೊಂಡಿತು. ಶಮೀಮಾ ಡಾಕ್ಟರ ಬಳಿ ಹೋಗಿ ಹೊಸ ಮಾತ್ರೆಗೆ ಬದಲಾಯಿಸಿಕೊಂಡರು, ಒಂದು ದಿನವೂ ತಪ್ಪಲಿಲ್ಲ. ಕಾರ್ಖಾನೆಯಲ್ಲಿ ಯಾರೂ ಕೆಲಸ ಕಳೆದುಕೊಳ್ಳಲಿಲ್ಲ.

ಆ ಸಂಜೆಯ ಮರುದಿನ ಬೆಳಿಗ್ಗೆ ನಾನು ಹೊರಟಾಗ ಜಯಮ್ಮನವರು ಒಬ್ಬಟ್ಟು ಕಟ್ಟಿಕೊಟ್ಟರು. ರಂಗಯ್ಯನವರು ಬಸ್ ನಿಲ್ದಾಣದವರೆಗೂ ಬಂದು, ನನ್ನ ಚೀಲವನ್ನು ತಾವೇ ಸೀಟಿನ ಮೇಲಿಟ್ಟು ಇಳಿದರು. ನನ್ನನ್ನು ಕರೆದುಕೊಂಡು ಬಂದಿರಲ್ಲ, ಅದಕ್ಕೆ ನಾನು ನಿಮಗೆ ಋಣಿ, ಎಂದು ಕಿಟಕಿಯಿಂದ ಹೇಳಿದೆ. ಅವರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, "ಆಯ್ತು ಮೇಡಂ, ಹೋಗ್ಬುಟ್ಟು ಫೋನ್ ಮಾಡಿ," ಎಂದರು.

ಬಸ್ಸು ಊರು ದಾಟಿತು. ನಾನು ಸಲಹೆ ಕೊಡುತ್ತಿದ್ದ ಇನ್ನೊಂದು ಕಂಪನಿಯ ನಿರ್ದೇಶಕರಿಗೆ ಫೋನು ಮಾಡಿದೆ. ಅವರೂ ಒಂದು ಔಷಧ ನಿಲ್ಲಿಸಬೇಕೇ ಎಂಬ ವಿಷಯದಲ್ಲಿ ಮರುದಿನ ನನ್ನ ಅಭಿಪ್ರಾಯ ಹೇಳಬೇಕಿತ್ತು. ಎರಡು ವಾರ ತಡವಾಗುತ್ತದೆ, ನಿಮ್ಮ ಔಷಧ ಮಾರಾಟವಾಗುವ ಊರುಗಳಿಗೆ ಒಮ್ಮೆ ಹೋಗಿ ಬರುತ್ತೇನೆ, ಎಂದೆ. ಯಾಕೆ ಮೇಡಂ ಎಂದು ಅವರು ಕೇಳಿದರು. ತಿರುಗಿ ನೋಡಿದೆ. ಕನಕಪುರ ತೆಂಗಿನ ತೋಟಗಳ ಹಿಂದೆ ಸರಿದಿತ್ತು. ನೀವೂ ಜೊತೆಗೆ ಬನ್ನಿ, ಎಂದೆ.